ವಿದ್ಯಾರ್ಥಿಗೊಂದು ಶಿಕ್ಷಣ ತತ್ತ್ವ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬರಿಂದ)

ಶಿಕ್ಷಣದ ಗುರಿಯೇನು ಎಂಬುದನ್ನು ಕುರಿತು ಅಭಿಪ್ರಾಯ ಹೇಳದ ದೊಡ್ಡವರಿಲ್ಲ. ತತ್ತ್ವಜ್ಞಾನಿಗಳು ಹೇಳಿದ್ದಾರೆ; ರಾಜಕಾರಣಿಗಳು ಹೇಳಿದ್ದಾರೆ; ಆಯೋಗಗಳು ಸಂಪುಟ ಸಂಪುಟಗಳಾಗಿ ವರದಿ ಬರೆದಿವೆ. ಅಧ್ಯಾಪಕರಾಗಲು ಹೊರಟವರು ಬಿ.ಎಡ್. ತರಗತಿಯಲ್ಲಿ ಇದನ್ನೇ ಒಂದು ಪಠ್ಯವಿಷಯವಾಗಿ ಓದುತ್ತಾರೆ. ಆದರೆ ಯಾರಿಗಾಗಿ ಈ ಶಿಕ್ಷಣವೆಲ್ಲ ನಡೆಯುತ್ತಿದೆಯೋ ಆ ವಿದ್ಯಾರ್ಥಿಯನ್ನು, “ನೀನು ಏತಕ್ಕಾಗಿ ಓದುತ್ತಿದ್ದೀಯೆ? ಓದಿದ್ದು ಬಂತು ಎಂಬುದು ನಿನಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದವರು ಕಡಮೆ. ಕೇಳಿದರೂ ನಮ್ಮಲ್ಲಿ ಬಹುಮಂದಿಯ ಉತ್ತರ ಚಿಕ್ಕದು. ಮೊದಲನೆಯ ಪ್ರಶ್ನೆಗೆ ‘ಕೆಲಸಕ್ಕೆ’ ಎನ್ನುತ್ತೇವೆ; ಎರಡನೆಯದಕ್ಕೆ ‘ಅಂಕಪಟ್ಟಿಯಿಂದ’ ಎನ್ನುತ್ತೇವೆ. ಈ ಎರಡು ಉತ್ತರಗಳೂ ಸುಳ್ಳಲ್ಲ. ಆದರೆ ಇವಿಷ್ಟೇ ಸಾಲದು. ಅಧ್ಯಾಪಕರಿಗೆ ಹೇಗೋ ಹಾಗೆ ವಿದ್ಯಾರ್ಥಿಗೂ ತನ್ನದೇ ಆದ ಒಂದು ಶಿಕ್ಷಣ ತತ್ತ್ವ ಬೇಕು ಎಂಬುದು ಈ ಲೇಖನದ ವಾದ. ನಾನು ರೂಪಿಸಿಕೊಂಡಿರುವುದನ್ನು ಇಲ್ಲಿ ಮುಂದಿಡುತ್ತೇನೆ. ಒಪ್ಪುವುದೂ ಬಿಡುವುದೂ ವಾಚಕರಿಗೆ ಸೇರಿದ್ದು.

‘ತತ್ತ್ವ’ ಎಂಬ ಮಾತು ಕೇಳಿ ಯಾರೂ ಗಾಬರಿಪಡಬೇಕಾದುದಿಲ್ಲ. ನಾನು ಹೇಳುತ್ತಿರುವುದು ಶಾಸ್ತ್ರವನ್ನಲ್ಲ, ತಕ್ಕಡಿಯನ್ನು. ಸಂತೆಗೆ ಹೋದವನಿಗೆ ತೂಕದ ಅರಿವಿಲ್ಲದಿದ್ದರೆ ಅಂಗಡಿಯವನು ತೂಗಿದ್ದೇ ತೂಕ, ಹೇಳಿದ್ದೇ ಬೆಲೆ. ಕಾಲೇಜಿಗೆ ಬಂದವರ ಪಾಡೂ ಅಷ್ಟೆ. ಕೊಟ್ಟದ್ದು ಕಾಳೋ ಹೊಟ್ಟೋ ಎಂದು ತೂಗಿ ನೋಡಲು ನಮ್ಮ ಕೈಯಲ್ಲಿ ಏನೂ ಇಲ್ಲದಿದ್ದರೆ, ಆರು ಸೆಮಿಸ್ಟರುಗಳ ಕೊನೆಗೆ ಚೀಲವೇನೋ ತುಂಬಿರುತ್ತದೆ. ಅದರಲ್ಲಿ ಏನಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಈ ತಕ್ಕಡಿಯನ್ನು ಸರ್ಕಾರವೋ ವಿಶ್ವವಿದ್ಯಾನಿಲಯವೋ ನಮ್ಮ ಪರವಾಗಿ ಹಿಡಿದುಕೊಳ್ಳುತ್ತದೆ ಎಂದು ನಂಬಿ ಕುಳಿತರೆ ಆಗದು. 2020ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿತು. ನಮ್ಮ ರಾಜ್ಯ ಅದನ್ನು 2021–22ರಿಂದ ಪದವಿ ತರಗತಿಗಳಿಗೆ ಅನ್ವಯಿಸಿ ನಾಲ್ಕು ವರ್ಷದ ಪದವಿಗೆ ದಾರಿ ಮಾಡಿತು. 2024–25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿತು. ಎರಡು ಪಕ್ಷದವರೂ ತಮ್ಮ ತಮ್ಮ ಕಾರಣಗಳನ್ನು ಹೇಳಿದರು; ಆ ಚರ್ಚೆ ಇಲ್ಲಿ ಪ್ರಕೃತವಲ್ಲ. ನೀತಿಗಳು ಬರುತ್ತವೆ, ಹೋಗುತ್ತವೆ. ಪಠ್ಯಕ್ರಮ ಬದಲಾಗುತ್ತದೆ, ಪ್ರಶ್ನೆಪತ್ರಿಕೆಯ ಮಾದರಿ ಬದಲಾಗುತ್ತದೆ. ಆದರೆ ನಮ್ಮ ಇಪ್ಪತ್ತನೆಯ ವಯಸ್ಸು ಬರುವುದು ಒಂದೇ ಸಲ. ನೀತಿ ನೆಟ್ಟಗಾಗಲಿ, ಆಮೇಲೆ ಕಲಿಯೋಣ ಎಂದು ಕಾಯುವಷ್ಟು ವ್ಯವಧಾನ ನಮಗಿಲ್ಲ.

ಇನ್ನು ಕೆಲಸದ ಮಾತು. ಶಿಕ್ಷಣವನ್ನು ಕುರಿತು ಬರೆಯುವವರು “ವಿದ್ಯೆ ಹೊಟ್ಟೆಪಾಡಿಗಲ್ಲ” ಎಂದು ಆರಂಭಿಸುವುದುಂಟು. ಆ ಮಾತು ಹೊಟ್ಟೆ ತುಂಬಿದ ಮನೆಯಲ್ಲಿ ಹುಟ್ಟಿದ್ದು. ಸರ್ಕಾರಿ ಕಲಾ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮುಖ ನೋಡುತ್ತಿರುವವರು. ಈ ಲೇಖಕಿಯೂ ಅವರಲ್ಲೊಬ್ಬಳು. ಮಗಳು ಬಿ.ಎ. ಮುಗಿಸಿದರೆ ಮನೆಗೆ ಆಸರೆಯಾದಾಳು ಎಂದು ತಾಯಿತಂದೆಗಳು ನಿರೀಕ್ಷಿಸುವುದರಲ್ಲಿ ಕೀಳಾದುದು ಏನೂ ಇಲ್ಲ. ಕೆಲಸ ಬೇಕು, ಅದಕ್ಕಾಗಿ ಓದುವುದು ಗೌರವದ ಸಂಗತಿಯೇ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಕೆಲಸ ಸಿಕ್ಕುವುದೂ ಸಿಕ್ಕದಿರುವುದೂ ಪೂರ್ತಿಯಾಗಿ ಓದಿದವರ ಕೈಯಲ್ಲಿಲ್ಲ. ಅರ್ಜಿ ಕರೆಯುವುದು ತಡವಾಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಒಂದು ಜಾಗಕ್ಕೆ ನೂರಾರು ಮಂದಿ ನಿಲ್ಲುತ್ತಾರೆ. ಓದಿನ ಬೆಲೆಯನ್ನೆಲ್ಲ ಕೆಲಸದಲ್ಲಿಯೇ ಇಟ್ಟವರಿಗೆ, ಕೆಲಸ ತಡವಾದ ದಿನ ಓದೇ ವ್ಯರ್ಥವೆಂದು ಕಾಣುತ್ತದೆ. “ಓದಿ ಏನು ಬಂತು?” ಎಂಬ ಊರಿನವರ ಮಾತಿಗೆ ಆಗ ಅವರ ಬಳಿ ಉತ್ತರವಿರುವುದಿಲ್ಲ. ಆದುದರಿಂದ ಕೆಲಸವೇ ಬೇಕೆನ್ನುವ ನಮ್ಮಂಥವರಿಗೇ ಕೆಲಸವನ್ನು ಮೀರಿದ ಒಂದು ತಕ್ಕಡಿ ಹೆಚ್ಚು ಅವಶ್ಯಕ.

ಅದನ್ನು ಎಲ್ಲಿ ಹುಡುಕಬೇಕು? ನಮ್ಮ ಓದಿನ ಹಣ ಎಲ್ಲಿಂದ ಬಂತು ಎಂಬಲ್ಲಿಂದ ಹುಡುಕಲು ಆರಂಭಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಮಹಾತ್ಮಾ ಜೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಒಂದು ಹೇಳಿಕೆ ಸಲ್ಲಿಸಿದರು. ಸರ್ಕಾರದ ಆದಾಯದ ಬಹುಭಾಗ ರೈತರ ದುಡಿಮೆಯಿಂದ ಬರುತ್ತದೆ. ಅದನ್ನು ಮೇಲುವರ್ಗದವರ ಉನ್ನತ ಶಿಕ್ಷಣಕ್ಕೆ ಧಾರಾಳವಾಗಿ ವೆಚ್ಚಮಾಡಿ, ದುಡಿದವರ ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು ಅಲಕ್ಷಿಸುವುದು ಅನ್ಯಾಯ ಎಂಬುದು ಅವರ ವಾದದ ತಿರುಳು. ಸ್ವಾತಂತ್ರ್ಯಾನಂತರ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ವಿಧಿ, ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗಾಗಿ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದಿತು. ಅದು ಮೂಲಭೂತ ಹಕ್ಕಾದದ್ದು 2002ರ 86ನೆಯ ತಿದ್ದುಪಡಿಯಿಂದ. ಕಾಯಿದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಇಂದು ಅಂತಿಮ ತರಗತಿಯಲ್ಲಿರುವ ನಾವು ಒಂದನೆಯ ತರಗತಿಗೆ ಸೇರಿದ್ದು ಅದಾದ ಒಂದೆರಡು ವರ್ಷಗಳಲ್ಲಿ. ಹತ್ತು ವರ್ಷಗಳಲ್ಲಿ ಆಗಬೇಕಾದದ್ದಕ್ಕೆ ಅರುವತ್ತು ವರ್ಷ ಹಿಡಿಯಿತು. ಆ ಅರುವತ್ತು ವರ್ಷಗಳಲ್ಲಿ ಶಾಲೆಯ ಹೊರಗೆ ಉಳಿದವರು ಎಲ್ಲಿಯವರೋ ಅಲ್ಲ. ನಮ್ಮ ಅಜ್ಜಿಯರು, ತಾಯಂದಿರು, ತಂದೆಗಳು. ಅವರು ಓದಲಿಲ್ಲ, ಆದರೆ ಸೋಪು, ಬೆಂಕಿಪೊಟ್ಟಣ, ಗೊಬ್ಬರ ಕೊಂಡಾಗಲೆಲ್ಲ ತೆರಿಗೆ ಕೊಟ್ಟರು. ಆ ಹಣದಲ್ಲಿ ನಮ್ಮ ಶಾಲೆಯ ಬಿಸಿಯೂಟ ಬೆಂದಿತು, ಪುಸ್ತಕ ಅಚ್ಚಾಯಿತು, ಈ ಕಾಲೇಜಿನ ಗೋಡೆ ಎದ್ದಿತು. ಹಾಗಿರುವಾಗ ನಮ್ಮ ಓದಿನ ಲೆಕ್ಕವನ್ನು ವಿಶ್ವವಿದ್ಯಾನಿಲಯದ ಪರೀಕ್ಷಕರಿಗೆ ಒಪ್ಪಿಸಿದರೆ ಮುಗಿಯಿತೆ?

ಮುಗಿಯದೆಂದೇ ನನ್ನ ಅಭಿಪ್ರಾಯ. ಯಾವುದನ್ನು ನಾನು ಕಾಲೇಜಿನ ಮೆಟ್ಟಿಲು ಹತ್ತದವರಿಗೆ, ಅವರಾಡುವ ಕನ್ನಡದಲ್ಲಿ, ಅವರ ಬದುಕಿನಿಂದಲೇ ನಿದರ್ಶನ ತೆಗೆದು ತಿಳಿಸಬಲ್ಲೆನೋ, ಅವರು ತಿರುಗಿ ಕೇಳಿದ ಪ್ರಶ್ನೆಯನ್ನು ಎದುರಿಸಬಲ್ಲೆನೋ, ಅಷ್ಟನ್ನು ಮಾತ್ರ ನಾನು ಕಲಿತಿದ್ದೇನೆ, ಉಳಿದದ್ದು ಬರೆದುಕೊಂಡದ್ದು. ಇದೇ ನನ್ನ ಶಿಕ್ಷಣ ತತ್ತ್ವ. ಇದರಲ್ಲಿ ಎರಡು ಭಾಗಗಳಿರುವುದನ್ನು ಗಮನಿಸಬೇಕು. ಹೇಳಬಲ್ಲೆವೆ ಎಂಬುದು ಮೊದಲನೆಯದು. ಕೇಳಿಸಿಕೊಳ್ಳಬಲ್ಲೆವೆ ಎಂಬುದು ಎರಡನೆಯದು. ಅದೇ ಹೆಚ್ಚು ಕಷ್ಟವಾದುದು.

ಒಂದು ನಿದರ್ಶನ ಕೊಡುತ್ತೇನೆ. ಅರ್ಥಶಾಸ್ತ್ರದಲ್ಲಿ ‘ಇಳಿಮುಖ ಪ್ರತಿಫಲ ನಿಯಮ’ ಎಂಬುದೊಂದಿದೆ. ಭೂಮಿ ಇದ್ದಷ್ಟೇ ಇದ್ದು, ಅದಕ್ಕೆ ಹಾಕುವ ಗೊಬ್ಬರವನ್ನೋ ಆಳನ್ನೋ ಹೆಚ್ಚಿಸುತ್ತ ಹೋದರೆ, ಒಂದು ಹಂತದ ಮೇಲೆ, ಹೆಚ್ಚಿಸಿದ ಪ್ರತಿಯೊಂದು ಅಳತೆಗೂ ಸಿಕ್ಕುವ ಹೆಚ್ಚುವರಿ ಬೆಳೆ ಕಡಮೆಯಾಗುತ್ತ ಬರುತ್ತದೆ. ವ್ಯಾಖ್ಯೆ ಬರೆದು, ರೇಖಾಚಿತ್ರ ಎಳೆದು, ಊಹೆಗಳನ್ನೂ ಮಿತಿಗಳನ್ನೂ ಪಟ್ಟಿ ಮಾಡಿದರೆ ಅಂಕಗಳು ಬರುತ್ತವೆ. ಇದನ್ನು ಒಂದು ಸಂಜೆ ನಮ್ಮ ತಂದೆಯವರಿಗೆ ಹೇಳಿದೆ. ಅವರದು ಮಳೆಯನ್ನೇ ನಂಬಿದ ರಾಗಿಯ ಹೊಲ. ಎರಡನೆಯ ಚೀಲ ಯೂರಿಯಾ ಮೊದಲನೆಯದರಷ್ಟು ಫಲ ಕೊಡುವುದಿಲ್ಲವೆಂಬುದು ಅವರಿಗೆ ಹೊಸ ಸಂಗತಿಯಲ್ಲ. ಅವರು ಕೇಳಿದ್ದು ಬೇರೆ: “ಅದೆಲ್ಲಾ ಸರಿ ಕಣವ್ವ. ಎಲ್ಲಿಗೆ ನಿಲ್ಲುಸ್ಬೇಕು ಅಂತ ಗೊತ್ತಾಗೋದು ಯಾವಾಗ? ಮಳೆ ಎಷ್ಟು ಬತ್ತದೆ ಅಂತ ಮೊದ್ಲೇ ಗೊತ್ತಿದ್ರೆ ತಾನೆ? ಮಳೆ ಚೆನ್ನಾಗಿ ಬಂದ್ರೆ ಎರಡ್ನೇ ಚೀಲಾನೂ ದಕ್ತದೆ. ಬರ್ದೆ ಹೋದ್ರೆ ಮೊದಲ್ನೇದೂ ದಂಡ.”

ಈ ಪ್ರಶ್ನೆ ಎಷ್ಟು ದೂರ ಹೋಗುತ್ತದೆಂಬುದನ್ನು ನೋಡಿ. ನಿಯಮ ನಿಂತಿರುವುದು ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂಬ ಷರತ್ತಿನ ಮೇಲೆ. ಆ ಮೂರು ಪದಗಳನ್ನು ಪರೀಕ್ಷೆಯಲ್ಲಿ ಮಂತ್ರದಂತೆ ಬರೆದು ಮುಂದೆ ಹೋಗುವುದು ವಾಡಿಕೆ. ಮಳೆಯಾಧಾರದ ಬೇಸಾಯಗಾರನಿಗೆ ಆ ‘ಇತರ ಅಂಶ’ವೇ ಬದುಕಿನ ಮುಖ್ಯ ಅಂಶ, ಅದು ಎಂದೂ ಸ್ಥಿರವಾಗಿರುವುದಿಲ್ಲ. ಗೊಬ್ಬರಕ್ಕೆ ಹಣ ಹಾಕುವ ದಿನ ಅವನು ಪ್ರತಿಫಲದ ಲೆಕ್ಕವನ್ನಷ್ಟೇ ಮಾಡುತ್ತಿಲ್ಲ, ಅನಿಶ್ಚಯದ ಹೊರೆಯನ್ನೂ ಹೊರುತ್ತಿದ್ದಾನೆ. ಅನಿಶ್ಚಯ, ಸಾಲ, ಬೆಳೆವಿಮೆ ಎಂದು ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವ ವಿಷಯಗಳೆಲ್ಲ ಈ ನಿಯಮಕ್ಕೆ ಹೇಗೆ ಕೂಡಿಕೊಳ್ಳುತ್ತವೆ ಎಂಬುದು ಆ ಒಂದು ಪ್ರಶ್ನೆಯಿಂದ ಹೊಳೆಯುತ್ತದೆ. ನಿಯಮ ಸುಳ್ಳಾಗಲಿಲ್ಲ, ಅದು ಎಲ್ಲಿಯವರೆಗೆ ನಿಜ ಎಂಬುದು ಕಂಡಿತು. ಹೀಗೆ, ಓದದವರಿಗೆ ಹೇಳುವುದೆಂದರೆ ಅವರಿಗೆ ಮಾಡುವ ಉಪಕಾರವಲ್ಲ. ನಮ್ಮ ಓದಿಗೇ ಆಗುವ ಲಾಭ. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆಯುಂಟಷ್ಟೆ. ಆ ಮುಕ್ಕಾಲು ಪಾಲು ಎಷ್ಟೋ ಸಲ ನಮ್ಮ ಮನೆಯ ಜಗುಲಿಯ ಮೇಲೆಯೇ ಕುಳಿತಿರುತ್ತದೆ.

ಈ ವಿಚಾರಕ್ಕೆ ದೊಡ್ಡವರ ಬೆಂಬಲವೂ ಇಲ್ಲದಿಲ್ಲ. ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಶ್ರಮಜೀವಿಗಳಿಗೆ ಅಕ್ಷರ ಕಲಿಸಲು ಹೊರಟಾಗ ವರ್ಣಮಾಲೆಯಿಂದ ಆರಂಭಿಸಲಿಲ್ಲ. ಅವರ ನಿತ್ಯಜೀವನದ ಮಾತುಗಳಿಂದ, ಆ ಮಾತುಗಳ ಮೇಲಿನ ಚರ್ಚೆಯಿಂದ ಆರಂಭಿಸಿದರು. ಅಧ್ಯಾಪಕನು ಹಣ ಕಟ್ಟುವವನಂತೆ, ವಿದ್ಯಾರ್ಥಿಯು ಖಾತೆಯಂತೆ ಇರುವ ಶಿಕ್ಷಣವನ್ನು ಅವರು ಮುಂದೆ ‘ಬ್ಯಾಂಕಿನ ಮಾದರಿ’ಯೆಂದು ಖಂಡಿಸಿದರು. ಅಮೆರಿಕದ ಜಾನ್ ಡ್ಯೂಯಿಯವರು 1916ರಲ್ಲಿ ಪ್ರಕಟವಾದ ‘ಪ್ರಜಾಪ್ರಭುತ್ವ ಮತ್ತು ಶಿಕ್ಷಣ’ ಎಂಬ ಗ್ರಂಥದಲ್ಲಿ, ಪ್ರಜಾಪ್ರಭುತ್ವವು ಬರಿಯ ಸರ್ಕಾರದ ರೂಪವಲ್ಲ, ಅನುಭವವನ್ನು ಹಂಚಿಕೊಂಡು ಕೂಡಿ ಬಾಳುವ ರೀತಿ ಎಂದು ಪ್ರತಿಪಾದಿಸಿದರು. 1913ರಿಂದ 1916ರವರೆಗೆ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿದ ಡಾ. ಅಂಬೇಡ್ಕರರು ಇದೇ ಡ್ಯೂಯಿಯವರ ಪಾಠ ಕೇಳಿದವರು. ಮನೆಯ ಅನುಭವ ಕಾಲೇಜಿಗೂ ಕಾಲೇಜಿನ ತಿಳಿವಳಿಕೆ ಮನೆಗೂ ಹರಿಯದಿದ್ದರೆ, ಒಂದೇ ಸೂರಿನ ಕೆಳಗೆ ಓದಿದವರು, ಓದದವರು ಎಂಬ ಎರಡು ಜಾತಿಗಳು ಹುಟ್ಟುತ್ತವೆ. ನಮ್ಮಲ್ಲಿ ಜಾತಿಗಳಿಗೆ ಮೊದಲೇ ಬರವಿಲ್ಲ. ಇನ್ನೊಂದನ್ನು ಕೂಡಿಸುವ ಕೆಲಸವನ್ನು ವಿದ್ಯೆ ಮಾಡಬಾರದು.

ಮಹಾತ್ಮಾ ಗಾಂಧಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣ ಯೋಜನೆ ಕೈಕಸುಬನ್ನು ಪಾಠದ ಕೇಂದ್ರವಾಗಿಸಿತು. ಕೈಗೂ ತಲೆಗೂ ನಡುವೆ ಗೋಡೆ ಬೇಡವೆಂಬ ಅವರ ವಿಚಾರ ನನಗೆ ಪ್ರಿಯವಾದುದು. ಆದರೆ ಪೂರ್ತಿಯಾಗಿ ಒಪ್ಪಲಾರೆ. ನೇಗಿಲನ್ನು ಕಾಣದ ಮಕ್ಕಳಿಗೆ ನೇಗಿಲು ತೋರಿಸುವುದು ಶಿಕ್ಷಣವಾದೀತು. ಬೆಳಗಾದರೆ ಸಗಣಿ ಬಾಚಿ, ರಜೆ ಬಂದರೆ ಕಳೆ ಕೀಳುವ ಮಕ್ಕಳಿಗೆ ಶಾಲೆಯಲ್ಲೂ ಅದನ್ನೇ ಕೊಟ್ಟರೆ ಹುಟ್ಟಿದ ಕಸುಬಿನಲ್ಲಿಯೇ ಕೂಡಿಹಾಕಿದಂತಾಗುವುದಿಲ್ಲವೆ? ಅಂಥವರಿಗೆ ಬೇಕಾದುದು ಕಳೆ ಕೀಳುವ ಅಭ್ಯಾಸವಲ್ಲ; ಒಂದೇ ಹೊಲದಲ್ಲಿ ದುಡಿದರೂ ಹೆಣ್ಣಾಳಿಗೆ ಕಡಮೆ ಕೂಲಿ, ಗಂಡಾಳಿಗೆ ಹೆಚ್ಚು ಕೂಲಿ ಏಕೆ ಎಂದು ಕೇಳುವ ವಿದ್ಯೆ.

ಈ ತಕ್ಕಡಿಯಲ್ಲಿ ನಮ್ಮ ತರಗತಿಗಳನ್ನು ಇಟ್ಟು ನೋಡಿದರೆ ಏನು ಕಾಣುತ್ತದೆ? ಅಧ್ಯಾಪಕ ಮಹಾಶಯರು ಅನ್ಯಥಾ ಭಾವಿಸಬಾರದು. ಕಾಲೇಜುಗಳಲ್ಲಿ ಪಾಠವೆಂದರೆ ಬಹುಮಟ್ಟಿಗೆ ನೋಟ್ಸ್ ಬರೆಸುವುದು ಎಂದಾಗಿದೆ. ಇದು ಯಾವ ಒಬ್ಬರ ಮೇಲಿನ ದೂರೂ ಅಲ್ಲ. ಪಠ್ಯ ದೊಡ್ಡದು, ಸೆಮಿಸ್ಟರು ಚಿಕ್ಕದು. ಎಷ್ಟೋ ವಿಷಯಗಳ ಪಾಠವನ್ನು ಅತಿಥಿ ಉಪನ್ಯಾಸಕರೇ ನಡೆಸಬೇಕು, ಅವರಿಗೋ ಮುಂದಿನ ವರ್ಷದ ನೆಚ್ಚಿಕೆಯಿಲ್ಲ. ನೋಟ್ಸ್ ಕೊಡದಿದ್ದರೆ ಗೊಣಗುವವರೂ ವಿದ್ಯಾರ್ಥಿಗಳೇ. “ಸಾರ್, ಇದು ಪರೀಕ್ಷೆಗೆ ಬರುತ್ತದೆಯೆ?” ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆ ಎಷ್ಟು ತರಗತಿಗಳಲ್ಲಿ ಕೇಳಿಬರುತ್ತದೆ? ಹಳೆಯ ಪ್ರಶ್ನೆಪತ್ರಿಕೆ, ಪೇಟೆಯ ಗೈಡು, ಮೊಬೈಲಿನಲ್ಲಿ ಕೈಯಿಂದ ಕೈಗೆ ಹೋಗುವ ಪಿ.ಡಿ.ಎಫ್., ಈಚೆಗೆ ಕೇಳಿದೊಡನೆ ಪ್ರಬಂಧ ಬರೆದುಕೊಡುವ ಯಂತ್ರ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಇವನ್ನು ನಿಷೇಧಿಸುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಯಂತ್ರ ಬರೆದುಕೊಟ್ಟ ಉತ್ತರವನ್ನು ಹಿಡಿದು ನಿಮ್ಮ ಅಜ್ಜಿಯ ಎದುರು ಕುಳಿತುಕೊಳ್ಳಿ. ಅಜ್ಜಿ ಒಂದು ಸಲ “ಯಾಕೆ?” ಎಂದರೆ ಸಾಕು, ಆ ವಿದ್ಯೆ ಸ್ವಂತದ್ದೋ ಎರವಲೋ ಎಂಬುದು ಗೊತ್ತಾಗಿಬಿಡುತ್ತದೆ.

ಭಾಷೆಯ ವಿಷಯವಾಗಿ ಒಂದು ಮಾತು. ಕಾಲೇಜಿನ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ ಅದನ್ನು ಕನ್ನಡದಲ್ಲಿ ಜನರಿಗೆ ಮುಟ್ಟಿಸಬೇಕೆಂದು ಹೊರಟವರು ನಮ್ಮಲ್ಲಿದ್ದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಊರೂರುಗಳಲ್ಲಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಅಗ್ಗದ ಬೆಲೆಯ ಚಿಕ್ಕ ಪುಸ್ತಕಗಳಾಗಿ ಪ್ರಕಟಿಸಿತು. 1956ರಿಂದ 1960ರವರೆಗೆ ಅದರ ಕುಲಪತಿಗಳಾಗಿದ್ದ ಕುವೆಂಪು ಅವರು ಪದವಿ ಶಿಕ್ಷಣದಲ್ಲಿ ಕನ್ನಡಕ್ಕೆ ಸ್ಥಾನ ಕೊಡಿಸಲು ದುಡಿದರು. ಇಂದು ನಾವು ಕನ್ನಡದಲ್ಲಿಯೇ ಉತ್ತರ ಬರೆಯುತ್ತೇವೆ. ಆದರೆ ‘ಸೀಮಾಂತ ತುಷ್ಟಿಗುಣ’ವೆಂಬುದನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಕನ್ನಡದಲ್ಲಿ ಅರ್ಥವಾಯಿತೆಂದಲ್ಲ. ಹಸಿದವನಿಗೆ ಮೊದಲನೆಯ ಮುದ್ದೆಯ ರುಚಿ ಮೂರನೆಯದರಲ್ಲಿ ಇರುವುದಿಲ್ಲ ಎಂದರೆ ನಮ್ಮ ತಾಯಿಗೆ ತಿಳಿಯುತ್ತದೆ. ನನಗೂ ಆಗಲೇ ಸರಿಯಾಗಿ ತಿಳಿಯುತ್ತದೆ. ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಗ್ರಂಥಗಳಿಗೆ ಬಾಗಿಲು, ಉದ್ಯೋಗಕ್ಕೂ ಬಾಗಿಲು. ಅದನ್ನು ಚೆನ್ನಾಗಿ ಕಲಿಯಬೇಕು. ಆದರೆ ಆ ಬಾಗಿಲೊಳಗೆ ಹೋಗಿ ತಂದದ್ದನ್ನು ಮನೆಯ ಮಾತಿನಲ್ಲಿ ಬಿಚ್ಚಿ ತೋರಿಸುವ ಶಕ್ತಿಯೂ ಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು: “ಎಲ್ಲವನ್ನೂ ಎಲ್ಲರಿಗೂ ಹೇಳಲಾದೀತೆ? ಪಂಪನ ಕಾವ್ಯಕ್ಕೆ, ಶಂಕರರ ವೇದಾಂತಕ್ಕೆ ಪೂರ್ವಸಿದ್ಧತೆ ಬೇಡವೆ? ಹೀಗೆ ಸುಲಭ ಮಾಡುತ್ತ ಹೋದರೆ ವಿದ್ಯೆ ತೆಳುವಾಗುವುದಿಲ್ಲವೆ?” ಇದು ತೂಕವುಳ್ಳ ಆಕ್ಷೇಪ. ಪಂಪನ ಹಳಗನ್ನಡವನ್ನು ಬಿಡಿಸಿ ಓದಲು ಅಭ್ಯಾಸ ಬೇಕು, ನಿಜ; ಆ ಕಷ್ಟವನ್ನು ನಾವು ಪಡಲೇಬೇಕು. ಆದರೆ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಟ್ಟುಬಾರದಿದ್ದುದು ಸರಿಯೆ ಎಂಬ ಪ್ರಶ್ನೆಯನ್ನು ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರ ಮುಂದೆ ಇಟ್ಟು ನೋಡಿ. ಅನ್ನದ ಋಣವೆಂದರೇನೆಂಬುದನ್ನು ಅವರು ನಮಗೇ ಪಾಠ ಹೇಳಿಯಾರು. ವಿಷಯದ ಎಲ್ಲ ವಿವರಗಳನ್ನೂ ಎಲ್ಲರಿಗೂ ಹೇಳಲಾಗದು. ಆದರೆ ಅದು ಯಾವ ಪ್ರಶ್ನೆಗೆ ಉತ್ತರ, ಆ ಪ್ರಶ್ನೆ ಮನುಷ್ಯನಿಗೆ ಏಕೆ ಬೇಕು ಎಂಬಷ್ಟನ್ನು ಹೇಳಬಹುದು. ಅಷ್ಟೂ ಹೇಳಲಾಗದಿದ್ದರೆ ವಿಷಯ ಆಳವಾಗಿದೆಯೆಂದಲ್ಲ, ನಮಗೆ ಇನ್ನೂ ದಕ್ಕಿಲ್ಲವೆಂದು ಅರ್ಥ.

ಬರಿಯ ಮಾತಿನಿಂದ ಏನೂ ಆಗದಾದುದರಿಂದ ಮೂರು ಸಣ್ಣ ಸಲಹೆಗಳನ್ನು ಮುಂದಿಡುತ್ತೇನೆ. ಒಂದನೆಯದು, ವಾರಕ್ಕೊಂದು ತರಗತಿಯಲ್ಲಾದರೂ ಕೊನೆಯ ಹತ್ತು ನಿಮಿಷವನ್ನು ಅಧ್ಯಾಪಕರು ನಮಗೆ ಬಿಟ್ಟುಕೊಡಲಿ. ಆ ವಾರದ ಪಾಠದ ಒಂದು ಅಂಶವನ್ನು ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಕಾಗದ ನೋಡದೆ, ಆಡುಮಾತಿನಲ್ಲಿ ಹೇಳಲಿ. ಎರಡನೆಯದು, ಆಂತರಿಕ ಮೌಲ್ಯಮಾಪನದಲ್ಲಿ ಒಂದು ಪ್ರಶ್ನೆ ಹೀಗಿರಲಿ: “ಈ ವಿಷಯವನ್ನು ಓದದವರೊಬ್ಬರಿಗೆ ನಿಮ್ಮ ಊರಿನ ನಿದರ್ಶನ ಕೊಟ್ಟು ತಿಳಿಸಿ, ಅವರು ಕೇಳಿದ ಪ್ರಶ್ನೆಯನ್ನು ಬರೆಯಿರಿ.” ಇದಕ್ಕೆ ಗೈಡಿನಲ್ಲಿ ಉತ್ತರ ಸಿಕ್ಕದು. ಮೂರನೆಯದು ರಾಷ್ಟ್ರೀಯ ಸೇವಾ ಯೋಜನೆಗೆ ಸಂಬಂಧಿಸಿದ್ದು. 1969ರಲ್ಲಿ ಆರಂಭವಾದ ಈ ಯೋಜನೆಯ ಏಳು ದಿನದ ಶಿಬಿರಗಳಲ್ಲಿ ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಸಂಜೆ ನಡೆಯುವ ಭಾಷಣಗಳಲ್ಲಿ ಒಂದನ್ನು ಕಡಮೆ ಮಾಡಿ, ಆ ಹೊತ್ತು ಊರಿನವರು ಪ್ರಶ್ನೆ ಕೇಳುವವರೂ ನಾವು ಉತ್ತರಿಸುವವರೂ ಆಗೋಣ. ಉತ್ತರ ಬಾರದ ಪ್ರಶ್ನೆಗಳನ್ನು ಬರೆದುಕೊಂಡು ಗ್ರಂಥಾಲಯಕ್ಕೆ ಬರೋಣ. ಈ ಮೂರಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ.

ನನ್ನ ತತ್ತ್ವವೇ ಎಲ್ಲರ ತತ್ತ್ವವಾಗಬೇಕೆಂದು ನಾನು ಹೇಳುತ್ತಿಲ್ಲ. ಸಂಗೀತ ಕಲಿಯುವವರಿಗೆ, ಕ್ರೀಡೆಯಲ್ಲಿ ಮುಂದಿರುವವರಿಗೆ, ಗಣಿತದಲ್ಲಿ ಆನಂದಪಡುವವರಿಗೆ ಬೇರೆ ತಕ್ಕಡಿ ಹಿಡಿಸೀತು. ಆದರೆ ಏನಾದರೂ ಒಂದು ಇರಲಿ, ಅದು ನಿಮ್ಮದಾಗಿರಲಿ. ಪದವಿಪತ್ರ ಕೈಗೆ ಬರುವ ಮುನ್ನ ಪ್ರತಿಯೊಬ್ಬರೂ ಅರ್ಧ ಹಾಳೆಯ ಮೇಲೆ, ಈ ಮೂರು ವರ್ಷಗಳಲ್ಲಿ ನಾನು ಕಲಿತದ್ದೇನು, ಅದು ಬಂದಿದೆಯೆಂದು ನನಗೆ ಹೇಗೆ ಗೊತ್ತು ಎಂದು ಬರೆದು ನೋಡಬೇಕೆಂದು ನನ್ನ ಸಹಪಾಠಿಗಳಲ್ಲಿ ಕೋರಿಕೆ. ಪದವಿಯನ್ನು ವಿಶ್ವವಿದ್ಯಾನಿಲಯ ಕೊಡಬಲ್ಲದು. ವಿದ್ಯೆ ಬಂತೆಂಬ ಮಾತನ್ನು ನಾವೇ, ನಮ್ಮನ್ನು ಓದಿಸಿದವರ ಎದುರಿನಲ್ಲಿ ನಿಂತು, ಹೇಳಬೇಕು.